ಒಂದು ಟಾಫಿ, ಒಂದು ನಕ್ಷತ್ರ, ಮೂರು ಚಡ್ಡಿ

ಸೌದೆ ರಾಶಿಯ ಹಿಂದೆ ಮಗಳ ಚಡ್ಡಿ ಸಿಕ್ಕಿತು. ಒಂದಲ್ಲ, ಮೂರು. ಎರಡು ಒಣಗಿ ಹಪ್ಪಳದ ಹಾಗೆ ಸೆಟೆದುಕೊಂಡಿದ್ದವು, ಒಂದು ಇನ್ನೂ ಒದ್ದೆ. ನೀರೊಲೆಗೆ ಸೌದೆ ತರಲು ಹೋದ ಅವ್ವ ಅವನ್ನು ಕೋಲಿನ ತುದಿಯಲ್ಲಿ ಎತ್ತಿಕೊಂಡು ಬಂದು ನನ್ನ ಮುಂದೆ ಹಿಡಿದು, "ತಗಳಪ್ಪ, ನಿನ್ನ ನಕ್ಷತ್ರದ ಬೆಳೆ" ಅಂದಳು.

ಮಗಳಿಗೆ ಆಗ ಮೂರೂವರೆ ವರ್ಷ. ಒಂದಕ್ಕೆ, ಎರಡಕ್ಕೆ ಹೇಳಿ ಹೋಗುವುದನ್ನು ವರ್ಷದ ಹಿಂದೆಯೇ ಕಲಿತಿದ್ದಳು. ಹೆಂಡತಿ ಎರಡನೇ ಬಾಣಂತನ ಮುಗಿಸಿ ತವರಿನಿಂದ ಕೂಸನ್ನು ಎತ್ತಿಕೊಂಡು ಬಂದಳಲ್ಲ, ಅದರ ಮುಂದಿನ ವಾರದಿಂದ ಎಲ್ಲ ಮರೆತವಳಂತೆ ಆಡತೊಡಗಿದಳು. ಅಂಗನವಾಡಿಯಲ್ಲಿ ಒದ್ದೆ, ಮನೆಯಲ್ಲಿ ಒದ್ದೆ. ನಾಲ್ಕು ದಿನ ಎರಡಕ್ಕೆ ಹೋಗುವುದೇ ಇಲ್ಲ, ಐದನೇ ದಿನ ಚಡ್ಡಿಯಲ್ಲೇ.

ನಾನು ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿದೆ. ಚಡ್ಡಿ ಒಣಗಿದ್ದ ದಿನಕ್ಕೆ ಒಂದು ನಕ್ಷತ್ರ, ಒಂದು ಟಾಫಿ. ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಶುರು ಮಾಡಿದೆ. ಮೊದಲ ವಾರದಲ್ಲೇ ಐದು ನಕ್ಷತ್ರ ಬಿದ್ದವು. ಅವುಗಳಲ್ಲಿ ಮೂರರ ಗುಟ್ಟು ಸೌದೆಯ ಹಿಂದೆ ಇತ್ತು.

ಅವತ್ತು ನನಗೆ ಸಿಟ್ಟು ಬಂತು ಅನ್ನುವುದನ್ನು ಮುಚ್ಚಿಡುವುದಿಲ್ಲ. ಕೈ ಎತ್ತಲಿಲ್ಲ, ಆದರೆ ಮಾತು ಜೋರಾಗಿತ್ತು. ಆಮೇಲೆ ಯೋಚಿಸಿದಾಗ ಒಂದು ಹೊಳೆಯಿತು. ಚಡ್ಡಿ ಒಣಗಿದ್ದರೆ ಬಹುಮಾನ ಅಂತ ನಾನು ಹೇಳಿದ್ದೆ. ಅವಳು ಒಣ ಚಡ್ಡಿಯನ್ನೇ ತೋರಿಸಿದ್ದಳು. ಹೇಳಿದ್ದಕ್ಕೆ ಸರಿಯಾಗಿಯೇ ನಡೆದುಕೊಂಡಿದ್ದಳು!

ಈ ಟಾಫಿ ಲೆಕ್ಕಾಚಾರ ಎಲ್ಲಿಂದ ಬಂತು ಅಂತ ಹುಡುಕಲು ಕೂತದ್ದು ಹೀಗೆ. ಸ್ಟ್ರಿಂಗರ್ ಬುದ್ಧಿ, ಮೂಲ ಹುಡುಕದೆ ನಿದ್ದೆ ಬರುವುದಿಲ್ಲ. ಮೂಲ ಸಿಕ್ಕಿದ್ದು ಅಮೆರಿಕದಲ್ಲಿ. ಅದಕ್ಕೆ ನೂರು ವರ್ಷ ದಾಟಿದ ಕಥೆ ಇದೆ.

ಆ ದೇಶದ ಸರ್ಕಾರದ ಮಕ್ಕಳ ಇಲಾಖೆ 1914ರಲ್ಲಿ ತಾಯಂದಿರಿಗಾಗಿ 'ಇನ್‌ಫೆಂಟ್ ಕೇರ್' ಎಂಬ ಪುಸ್ತಿಕೆ ತಂದಿತು. ಬರೆದವರು ಮೇರಿ ಮಿಲ್ಸ್ ವೆಸ್ಟ್, ಸ್ವತಃ ಮಕ್ಕಳನ್ನು ಸಾಕಿದ ತಾಯಿ. ಕೂಸಿಗೆ ಮೂರು ತಿಂಗಳಾಗುವ ಹೊತ್ತಿಗೇ ಮಲದ ಅಭ್ಯಾಸ ಶುರು ಮಾಡಬಹುದು, ಆದರೆ ಮೃದುವಾಗಿ ಮಾಡಿ, ಬೈದರೆ ಹೊಡೆದರೆ ಮಗು ಹೆದರುತ್ತದೆ ಅಷ್ಟೇ ಎಂಬುದು ಅದರ ಸಲಹೆ. ಮುಂದಿನ ಆವೃತ್ತಿಗಳಲ್ಲಿ ಆ ಮೃದುತನ ಕರಗಿತು. ಇಪ್ಪತ್ತು, ಮೂವತ್ತರ ದಶಕಕ್ಕೆ ಬಂದಾಗ ಗಡಿಯಾರ ಯಜಮಾನನಾಗಿತ್ತು. ದಿನಾ ಅದೇ ಹೊತ್ತಿಗೆ ಕೂರಿಸಬೇಕು, ವರ್ಷ ತುಂಬುವ ಮುಂಚೆಯೇ ಮುಗಿಸಬೇಕು.

ಕಟ್ಟುನಿಟ್ಟಿನ ತುದಿ ಮುಟ್ಟಿದ್ದು ಜಾನ್ ವಾಟ್ಸನ್ ಎಂಬ ಮನಶ್ಶಾಸ್ತ್ರಜ್ಞ. 1928ರಲ್ಲಿ ಬಂದ ಅವನ ಮಕ್ಕಳ ಪಾಲನೆಯ ಪುಸ್ತಕದಲ್ಲಿ, ಮಗುವನ್ನು ಎಂಟು ತಿಂಗಳಿನಿಂದಲೇ ಪೀಠದಲ್ಲಿ ಪಟ್ಟಿ ಕಟ್ಟಿ ಕೂರಿಸಿ, ಆಟದ ಸಾಮಾನು ಕೊಡದೆ, ಬಾಗಿಲು ಮುಚ್ಚಿ ಒಂಟಿಯಾಗಿ ಬಿಡಿ ಎಂದಿದೆ. ಮಕ್ಕಳನ್ನು ಮುದ್ದಿಸಬೇಡಿ, ತೊಡೆಯ ಮೇಲೆ ಕೂರಿಸಿಕೊಳ್ಳಬೇಡಿ ಎಂದವನೂ ಇವನೇ. ಆ ಪುಸ್ತಕವನ್ನು ಅವನು ಅರ್ಪಿಸಿದ್ದು, ಮಗುವನ್ನು ಸಂತೋಷವಾಗಿ ಬೆಳೆಸುವ ಮೊದಲ ತಾಯಿಗೆ. ಅಂದರೆ ಅಲ್ಲಿಯವರೆಗಿನ ಯಾವ ತಾಯಿಯೂ ಬೆಳೆಸಿರಲಿಲ್ಲವಂತೆ. ಇದನ್ನು ಓದಿ ಹೇಳಿದಾಗ ನಮ್ಮವ್ವ, "ಅವನವ್ವ ಇನ್ನೂ ಬದುಕಿದ್ಲಾ?" ಎಂದು ಕೇಳಿದಳು.

ಗಡಿಯಾರದ ಹಿಡಿತ ಸಡಿಲಿಸಿದ ಒಂದು ಕೆಲಸ ಅವಳಿ ಮಕ್ಕಳಿಂದ ಆಯಿತು. ನ್ಯೂಯಾರ್ಕಿನಲ್ಲಿ ಮರ್ಟಲ್ ಮೆಕ್‌ಗ್ರಾ ಎಂಬ ಸಂಶೋಧಕಿ ಅವಳಿಗಳಲ್ಲಿ ಒಂದನ್ನು ಹುಟ್ಟಿದ ಕೆಲವೇ ವಾರದಿಂದ ಗಂಟೆಗಂಟೆಗೆ ಕೂರಿಸಿ ಅಭ್ಯಾಸ ಮಾಡಿಸಿದಳು. ಇನ್ನೊಂದನ್ನು ಹಾಗೇ ಬಿಟ್ಟು, ಬಹಳ ತಡವಾಗಿ ಶುರು ಮಾಡಿದಳು. 1940ರಲ್ಲಿ ಬಂದ ವರದಿಯ ಪ್ರಕಾರ, ತಡವಾಗಿ ಶುರು ಮಾಡಿದ್ದು ಬೇಗನೆ ಅಣ್ಣನನ್ನು ಹಿಡಿದುಬಿಟ್ಟಿತ್ತು. ಅಷ್ಟು ತಿಂಗಳ ಗಂಟೆಗಂಟೆಯ ದುಡಿಮೆಯಿಂದ ಹೆಚ್ಚೇನೂ ಗಿಟ್ಟಿರಲಿಲ್ಲ. ಮೂತ್ರಕೋಶವನ್ನು ಹಿಡಿತಕ್ಕೆ ತರುವ ನರಗಳು ಬಲಿಯಬೇಕು, ಅವು ಬಲಿಯುವುದು ಅವುಗಳ ಹೊತ್ತಿಗೆ.

ಅದರ ಜಾಡಿನಲ್ಲೇ ಬಂದವರು ಮಕ್ಕಳ ವೈದ್ಯ ಟಿ. ಬೆರಿ ಬ್ರೆಜಲ್ಟನ್. ಹತ್ತು ವರ್ಷ ತಮ್ಮಲ್ಲಿಗೆ ಬಂದ 1,170 ಮಕ್ಕಳ ದಾಖಲೆ ಇಟ್ಟು 1962ರಲ್ಲಿ ಪ್ರಕಟಿಸಿದರು. ಮಗು ತಯಾರಾಗುವ ತನಕ ಕಾಯಿರಿ, ಹಟ ಹಿಡಿದರೆ ನಿಲ್ಲಿಸಿ, ಮತ್ತೆ ಕೆಲವು ವಾರ ಬಿಟ್ಟು ನೋಡಿ. ಅವರ ಮಕ್ಕಳು ಹಗಲಿನಲ್ಲಿ ಪೂರ್ತಿ ಕಲಿತದ್ದು ಸರಾಸರಿ 28.5 ತಿಂಗಳಿಗೆ. ಇದರ ಹಿಂದಿನ ವರ್ಷವಷ್ಟೇ, 1961ರಲ್ಲಿ, ಪ್ಯಾಂಪರ್ಸ್ ಡೈಪರ್ ಮಾರುಕಟ್ಟೆಗೆ ಬಂದಿತ್ತು. ಬಟ್ಟೆ ಒಗೆಯುವ ತಾಯಿಗೆ ಅವಸರ ಇರುತ್ತದೆ, ಬಿಸಾಡುವ ತಾಯಿಗೆ ಕಾಯಲು ಪುರುಸೊತ್ತು ಇರುತ್ತದೆ. ವಯಸ್ಸಾದ ಮೇಲೆ ಬ್ರೆಜಲ್ಟನ್ ಅದೇ ಪ್ಯಾಂಪರ್ಸ್ ಜಾಹೀರಾತಿನಲ್ಲಿ ಕಾಣಿಸಿಕೊಂಡು ಟೀಕೆಗೂ ಒಳಗಾದರು. ಅವರ ಮಾತು ತಪ್ಪು ಎಂದಲ್ಲ, ಆದರೆ ಯಾರು ಕಾಸು ಕೊಟ್ಟರು ಎಂದು ನೋಡುವ ಚಾಳಿ ನಮ್ಮಂಥವರಿಗೆ ಬಿಡುವುದಿಲ್ಲ.

ಇಲ್ಲಿಯವರೆಗೆ ಟಾಫಿಯ ಸುದ್ದಿ ಇಲ್ಲ. ಅದು ಬಂದದ್ದು ಬೇರೆ ದಾರಿಯಲ್ಲಿ, ಬೆಕ್ಕಿನಿಂದ.

1898ರಲ್ಲಿ ಎಡ್ವರ್ಡ್ ಥಾರ್ನ್‌ಡೈಕ್ ಎಂಬಾತ ಹಸಿದ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿ ಹಾಕಿ, ಹೊರಗೆ ತಿನಿಸು ಇಟ್ಟು ನೋಡುತ್ತಿದ್ದ. ಚಿಲಕ ತೆಗೆಯುವುದು ಬೆಕ್ಕಿಗೆ ಮೊದಲು ಆಕಸ್ಮಿಕ, ಆಮೇಲೆ ರೂಢಿ. ಫಲ ಸಿಕ್ಕ ಕೆಲಸವನ್ನು ಪ್ರಾಣಿ ಮತ್ತೆ ಮಾಡುತ್ತದೆ. ಬಿ. ಎಫ್. ಸ್ಕಿನ್ನರ್ ಇದನ್ನು ಇಲಿ, ಪಾರಿವಾಳಗಳ ಮೇಲೆ ಬೆಳೆಸಿದ. ಸ್ಕಿನ್ನರನ ಶಿಷ್ಯ ನೇಥನ್ ಆ್ಯಜ್ರಿನ್ ಅದನ್ನು ಆಸ್ಪತ್ರೆಗೆ ತಂದ.

ಇಲಿನಾಯ್ ರಾಜ್ಯದ ಆ್ಯನಾ ಎಂಬ ಊರಿನ ಸರ್ಕಾರಿ ಮಾನಸಿಕ ಆಸ್ಪತ್ರೆ ಅದು. ಅಲ್ಲಿ 1961ರಿಂದ ಆ್ಯಜ್ರಿನ್ ಮತ್ತು ಅವನ ಸಹೋದ್ಯೋಗಿ ರೋಗಿಗಳಿಗೆ ಟೋಕನ್ ಕೊಡತೊಡಗಿದರು. ಕೆಲಸ ಮಾಡಿದರೆ ಟೋಕನ್, ಟೋಕನ್ ಕೊಟ್ಟರೆ ಬೇಕಾದ ವಸ್ತು. ನನ್ನ ಕ್ಯಾಲೆಂಡರಿನ ಕೆಂಪು ನಕ್ಷತ್ರದ ಮುತ್ತಾತ ಈ ಟೋಕನ್ನೇ. ವರ್ಷಗಟ್ಟಲೆ ಬಟ್ಟೆಯಲ್ಲೇ ಮಾಡಿಕೊಳ್ಳುತ್ತಿದ್ದ ಒಂಬತ್ತು ಮಂದಿ ವಯಸ್ಕರ ಮೇಲೆ, ಬುದ್ಧಿ ಬೆಳವಣಿಗೆ ತೀರ ಕಡಿಮೆ ಇದ್ದವರ ಮೇಲೆ, ಆ್ಯಜ್ರಿನ್ ಮತ್ತು ರಿಚರ್ಡ್ ಫಾಕ್ಸ್ ಇದೇ ವಿಧಾನ ಪ್ರಯೋಗಿಸಿ 1971ರಲ್ಲಿ ಬರೆದರು. ಯಾರೂ ಕಲಿಸಲಾಗದು ಎಂದು ಕೈಬಿಟ್ಟಿದ್ದವರು ಕೆಲವೇ ದಿನಗಳಲ್ಲಿ ಕಲಿತರು. ಇದು ಸಣ್ಣ ಸಾಧನೆ ಅಲ್ಲ. ಮಲ ಮೂತ್ರದಲ್ಲೇ ಮಲಗಿರುತ್ತಿದ್ದವರಿಗೆ ಅದು ಮಾನದ ಪ್ರಶ್ನೆ.

1973ರಲ್ಲಿ ಮನೆಮಕ್ಕಳ ಸರದಿ ಬಂತು. 20ರಿಂದ 36 ತಿಂಗಳ 34 ಮಕ್ಕಳು ಸರಾಸರಿ ನಾಲ್ಕು ಗಂಟೆಯಲ್ಲಿ ಕಲಿತರು ಎಂಬ ವರದಿ. ಮುಂದಿನ ವರ್ಷ ಅದು ಪುಸ್ತಕವಾಯಿತು, 'ಟಾಯ್ಲೆಟ್ ಟ್ರೇನಿಂಗ್ ಇನ್ ಲೆಸ್ ದ್ಯಾನ್ ಎ ಡೇ'. ಒಂದೇ ದಿನದೊಳಗೆ! ಲಕ್ಷಗಟ್ಟಲೆ ಪ್ರತಿ ಹೋಯಿತು.

ವಿಧಾನ ಹೀಗಿತ್ತು. ಮಗುವಿಗೆ ಇಷ್ಟವಾದ ಪಾನೀಯ ಹೊಟ್ಟೆ ತುಂಬ ಕುಡಿಸುವುದು, ಇನ್ನೂ ಬಾಯಾರಲಿ ಅಂತ ಉಪ್ಪಿನ ಕುರುಕಲು ಕೊಡುವುದು. ಉಚ್ಚೆ ಹೊಯ್ಯುವ ಗೊಂಬೆಗೆ ಮಗುವಿನ ಕೈಯಿಂದಲೇ ಪಾಠ ಹೇಳಿಸುವುದು. ನಿಮಿಷ ನಿಮಿಷಕ್ಕೂ ಚಡ್ಡಿ ಮುಟ್ಟಿ ನೋಡಿಸಿ, ಒಣಗಿದ್ದರೆ ತಿಂಡಿ, ಮುತ್ತು, ಹೊಗಳಿಕೆ. ಅಜ್ಜಿಗೆ ಎಷ್ಟು ಖುಷಿ ಆಗುತ್ತದೆ ಗೊತ್ತಾ ಅಂತ ಮಗುವಿಗೆ ಬೇಕಾದವರ ಹೆಸರನ್ನೆಲ್ಲ ಹೇಳುವುದು.

ನಮಗೆ ಬಂದ ವಿಡಿಯೊಗಳಲ್ಲಿ ಇಷ್ಟೇ ಇರುತ್ತದೆ. ಪುಸ್ತಕದ ಇನ್ನರ್ಧ ಇರುವುದಿಲ್ಲ. ಒದ್ದೆ ಮಾಡಿಕೊಂಡರೆ ಜೋರಾಗಿ ಬೇಡ ಎಂದು ಗದರಬೇಕು. ಮಗುವೇ ಚಡ್ಡಿ ಬದಲಿಸಬೇಕು. ಆಮೇಲೆ ಮನೆಯ ಬೇರೆ ಬೇರೆ ಮೂಲೆಯಿಂದ ಹತ್ತು ಸಲ ಓಡೋಡಿ ಹೋಗಿ ಚಡ್ಡಿ ಇಳಿಸಿ ಕೂತು ಏಳಬೇಕು. ಇದಕ್ಕೆ ಅವರು ಕೊಟ್ಟ ಹೆಸರು ಒಳ್ಳೆಯ ಅಭ್ಯಾಸ ಅನ್ನುವ ಅರ್ಥದ್ದು. ನಮ್ಮ ಶಾಲೆಯಲ್ಲಿ ಇದನ್ನು ಬಸ್ಕಿ ಅನ್ನುತ್ತಿದ್ದರು.

ಪುಸ್ತಕ ಮನೆಗೆ ಬಂದಾಗ ಏನಾಯಿತು? 1977ರಲ್ಲಿ ಮ್ಯಾಟ್ಸನ್ ಮತ್ತು ಒಲೆಂಡಿಕ್ ಹತ್ತು ತಾಯಂದಿರನ್ನು ನೋಡಿದರು. ಐವರ ಕೈಗೆ ಪುಸ್ತಕ ಮಾತ್ರ, ಇನ್ನೈವರಿಗೆ ಪುಸ್ತಕದ ಜೊತೆ ತಿಳಿದವರ ನೆರವು. ಮೊದಲ ಗುಂಪಿನಲ್ಲಿ ಗೆದ್ದವಳು ಒಬ್ಬಳು, ಎರಡನೆಯದರಲ್ಲಿ ನಾಲ್ವರು. ಮಕ್ಕಳು ರಚ್ಚೆ ಹಿಡಿದದ್ದನ್ನೂ ತಪ್ಪಿಸಿಕೊಂಡು ಓಡಿದ್ದನ್ನೂ ತಾಯಂದಿರು ಹೇಳಿಕೊಂಡರು. ಹತ್ತೇ ಜನರ ಲೆಕ್ಕ, ದೊಡ್ಡ ತೀರ್ಪು ಕೊಡಲಾಗದು. ಆದರೆ ಬಹುಮಾನದ ಕೈಯನ್ನೂ ಶಿಕ್ಷೆಯ ಕೈಯನ್ನೂ ಒಟ್ಟಿಗೆ ಹಿಡಿದ ಮನೆಯಲ್ಲಿ ಮಗು ಯಾವ ಕೈಯನ್ನು ನೆನಪಿಟ್ಟುಕೊಳ್ಳುತ್ತದೆ ಎಂಬುದು ನನಗೆ ಸೌದೆ ರಾಶಿ ಹೇಳಿತ್ತು.

ಇನ್ನೊಂದು ಕುತೂಹಲ. ಆ 34 ಮಕ್ಕಳ ವರದಿ ಬಂದ 1973ರಲ್ಲೇ ಬಹುಮಾನಕ್ಕೆ ಎದುರು ಮಾತೂ ಹುಟ್ಟಿತು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಮಾರ್ಕ್ ಲೆಪರ್ ಮತ್ತು ಸಂಗಡಿಗರು ಬಣ್ಣದ ಪೆನ್ನಿನಲ್ಲಿ ಚಿತ್ರ ಬಿಡಿಸಲು ಇಷ್ಟಪಡುವ 51 ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ, ಬಿಡಿಸಿದರೆ ಚಿನ್ನದ ಬಣ್ಣದ ನಕ್ಷತ್ರ, ರಿಬ್ಬನ್ ಇರುವ ಪ್ರಶಸ್ತಿ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಕೆಲವರಿಗೆ ಹೇಳದೆ ಕೊಟ್ಟರು. ಉಳಿದವರಿಗೆ ಏನೂ ಇಲ್ಲ. ಒಂದೆರಡು ವಾರದ ಮೇಲೆ ಪೆನ್ನು ಸುಮ್ಮನೆ ಇಟ್ಟು ನೋಡಿದಾಗ, ಪ್ರಶಸ್ತಿಯ ಆಸೆಗೆ ಬಿಡಿಸಿದ್ದವರು ಉಳಿದವರ ಅರ್ಧದಷ್ಟು ಹೊತ್ತೂ ಪೆನ್ನು ಮುಟ್ಟಲಿಲ್ಲ ಎನ್ನುವ ಹಾಗಿತ್ತು. ಆಟ ಕೂಲಿಯಾಗಿ ಹೋಗಿತ್ತು.

ಇದನ್ನು ಹಿಡಿದುಕೊಂಡು ಮಕ್ಕಳಿಗೆ ಯಾವ ಬಹುಮಾನವನ್ನೂ ಕೊಡಬೇಡಿ ಎನ್ನುವವರಿದ್ದಾರೆ. ನನಗೆ ಅದು ಅಷ್ಟು ಒಪ್ಪಿಗೆಯಾಗುವುದಿಲ್ಲ. ಚಿತ್ರ ಬಿಡಿಸುವುದು ಮಗುವಿಗೆ ಮೊದಲೇ ಇಷ್ಟದ ಆಟ. ಕತ್ತಲ ಕಕ್ಕಸಿಗೆ ಹೋಗಿ ಕೂರುವುದನ್ನು ಯಾವ ಮಗುವೂ ಹವ್ಯಾಸ ಮಾಡಿಕೊಂಡಿಲ್ಲ.

ಬಹುಮಾನ ಮುಗಿದ ಮೇಲೆ ಹಿಂದಕ್ಕೆ ಜಾರುವುದು ಮಕ್ಕಳಿಗಷ್ಟೇ ಮೀಸಲೂ ಅಲ್ಲ. ಬಯಲು ಶೌಚ ಬಿಟ್ಟ ಪಂಚಾಯಿತಿಗಳಿಗೆ ಕೇಂದ್ರ ಸರ್ಕಾರ 2003ರಲ್ಲಿ ನಿರ್ಮಲ ಗ್ರಾಮ ಪುರಸ್ಕಾರ ಘೋಷಿಸಿತು, ಜನಸಂಖ್ಯೆ ನೋಡಿ ನಗದು. ಪ್ರಶಸ್ತಿ ಪಡೆದ ಎಷ್ಟೋ ಊರುಗಳಲ್ಲಿ ಜನ ಮತ್ತೆ ಬಯಲಿಗೆ ಹೋದದ್ದು ಆಮೇಲಿನ ಸಮೀಕ್ಷೆಗಳಲ್ಲಿ ಕಂಡಿತು. ವರದಿಗೆ ಹೋದ ಒಂದು ಊರಿನಲ್ಲಿ ಫಲಕ ಗೋಡೆಯ ಮೇಲಿತ್ತು, ಶೌಚಾಲಯದ ತುಂಬ ತೆಂಗಿನ ಮಟ್ಟೆ ಇತ್ತು. ಕೇಳಿದರೆ, ನೀರೇ ಇಲ್ಲ ಸ್ವಾಮಿ ಎಂದರು. ದೊಡ್ಡವರು ಜಾರಿದಾಗ ನೀರಿದೆಯೇ, ಗುಂಡಿ ತುಂಬಿದೆಯೇ ಎಂದು ಕಾರಣ ಕೇಳುತ್ತೇವೆ. ಮೂರೂವರೆ ವರ್ಷದವಳು ಜಾರಿದರೆ ಹಟ ಅನ್ನುತ್ತೇವೆ.

ಮಗಳ ಕಾರಣ ಹೊಟ್ಟೆಯಲ್ಲಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ಅವಳನ್ನು ಮಲಗಿಸಿ ಕಿಬ್ಬೊಟ್ಟೆ ಒತ್ತಿ ನೋಡಿ, ನನ್ನ ಕೈಯನ್ನೂ ಹಿಡಿದು ಅಲ್ಲಿ ಇಟ್ಟರು. ಗಟ್ಟಿ. "ಇದು ಹಟ ಅಲ್ಲ, ಮಲ ಕಟ್ಟಿದೆ" ಎಂದರು.

ಅವರು ವಿವರಿಸಿದ್ದು ಇಷ್ಟು. ಒಂದು ಸಲ ಗಟ್ಟಿಯಾಗಿ ನೋವಾದರೆ ಮಗು ಮುಂದಿನ ಸಲ ಬಿಗಿ ಹಿಡಿಯುತ್ತದೆ. ಹಿಡಿದಷ್ಟೂ ಗಟ್ಟಿ, ಗಟ್ಟಿಯಾದಷ್ಟೂ ನೋವು. ಕರುಳಿನ ತುದಿ ಹಿಗ್ಗಿ, ಬರುತ್ತಿದೆ ಎಂಬ ಅರಿವೇ ಮಂಕಾಗುತ್ತದೆ. ಗಟ್ಟಿ ಮುದ್ದೆಯ ಪಕ್ಕದಿಂದ ತೆಳ್ಳಗಿನದು ಸೋರಿ ಚಡ್ಡಿಗೆ ಬರುತ್ತದೆ, ಮನೆಯವರು ಭೇದಿ ಅಂದುಕೊಳ್ಳುತ್ತಾರೆ. ಅದೇ ಮುದ್ದೆ ಮುಂದಿನ ಮೂತ್ರಕೋಶವನ್ನು ಒತ್ತುತ್ತದೆ, ಅದಕ್ಕೇ ಉಚ್ಚೆಯೂ ತಡೆಯುವುದಿಲ್ಲ. ಅಮೆರಿಕದಲ್ಲಿ ವೆರಾ ಲೋನಿಂಗ್‌ಬಾಕೆ ಎಂಬ ಮಕ್ಕಳ ವೈದ್ಯೆ ಮಲಬದ್ಧತೆಯ 234 ಮಕ್ಕಳನ್ನು ನೋಡಿ 1997ರಲ್ಲಿ ಬರೆದದ್ದನ್ನು ಆಮೇಲೆ ಓದಿದೆ. ಅವರಲ್ಲಿ ನೂರಕ್ಕೆ 29 ಮಕ್ಕಳು ಹಗಲಿನಲ್ಲೂ ಒದ್ದೆ ಮಾಡಿಕೊಳ್ಳುತ್ತಿದ್ದರು. ಮಲಬದ್ಧತೆ ವಾಸಿಯಾದಾಗ ಅಂಥವರಲ್ಲಿ ನೂರಕ್ಕೆ 89 ಮಕ್ಕಳ ಹಗಲಿನ ಒದ್ದೆ ತಾನಾಗಿ ನಿಂತಿತು.

ಇಂಥ ಮಗುವಿಗೆ ಒಣ ಚಡ್ಡಿಗೆ ಟಾಫಿ ಎಂದರೆ, ಜ್ವರ ಇಳಿಸಿಕೊಂಡರೆ ಟಾಫಿ ಎಂದ ಹಾಗೆ. ಅವಳ ಕೈಯಲ್ಲಿ ಇಲ್ಲದ್ದನ್ನು ನಾನು ಕೇಳುತ್ತಿದ್ದೆ. ಬಚ್ಚಿಡುವುದು ಮಾತ್ರ ಅವಳ ಕೈಯಲ್ಲಿತ್ತು.

ಬಚ್ಚಿಡುವಷ್ಟಕ್ಕೇ ನಿಂತದ್ದು ನಮ್ಮ ಪುಣ್ಯ. ಚಡ್ಡಿಯಲ್ಲಿ ಮಾಡಿಕೊಂಡ ಮಗುವಿಗೆ ಬರೆ ಹಾಕಿದ, ಬಿಸಿನೀರು ಎರಚಿದ ಸುದ್ದಿ ನಮ್ಮ ರಾಜ್ಯದ ಪತ್ರಿಕೆಗಳಲ್ಲೇ ಬಂದಿದೆ. ಆ ಸುದ್ದಿಗಳನ್ನು ನಾವು ಅಪರಾಧದ ಪುಟದಲ್ಲಿ ಹಾಕುತ್ತೇವೆ. ಆ ಮಗುವಿನ ಹೊಟ್ಟೆ ಯಾರಾದರೂ ಮುಟ್ಟಿ ನೋಡಿದ್ದರೇ ಎಂದು ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ಡಾಕ್ಟರು ಮಲ ಮೆತ್ತಗಾಗುವ ಸಿರಪ್ ಬರೆದರು. ತಕ್ಷಣ ನಿಲ್ಲಿಸಬೇಡಿ, ತಿಂಗಳುಗಟ್ಟಲೆ ಬೇಕಾಗಬಹುದು ಎಂದರು. ಹಾಲು, ಬಿಸ್ಕತ್ತು ಕಡಿಮೆ ಮಾಡಿ, ಸೊಪ್ಪು, ಹಣ್ಣು, ನೀರು ಜಾಸ್ತಿ ಮಾಡಿ ಎಂದರು. ಊಟವಾದ ಮೇಲೆ ಕರುಳು ತಾನಾಗಿ ಚುರುಕಾಗುತ್ತದೆ, ಆ ಹೊತ್ತಿಗೆ ಐದು ನಿಮಿಷ ಕೂರಿಸಿ. "ಟಾಫಿ ಕೊಡ್ಲಾ ಬೇಡ್ವಾ ಮೇಡಂ?" ಎಂದು ಕೇಳಿದೆ. ನಕ್ಕು, "ಕೂತಿದ್ದಕ್ಕೆ ಕೊಡಿ. ಬಂತೋ ಇಲ್ವೋ ಕೇಳಬೇಡಿ" ಎಂದರು.

ನೂರು ವರ್ಷದ ಪುಸ್ತಕ ತಿರುವಿದ ಮೇಲೂ ಇಷ್ಟು ಚೊಕ್ಕದ ಮಾತು ನನಗೆ ಸಿಗಲಿಲ್ಲ.

ಕೂರಲು ಹೆದರಿಕೆ ಯಾಕೆ ಎಂದು ಆಗ ಮೊದಲ ಬಾರಿಗೆ ಅವಳನ್ನೇ ಕೇಳಿದೆ. "ಬಿದ್ದೋಗ್ತೀನಿ" ಅಂದಳು. ಹಿತ್ತಲ ಶೌಚಾಲಯದ ಪ್ಯಾನಿನ ಎರಡು ಪಾದಗಟ್ಟೆಗಳ ನಡುವಿನ ಅಂತರ ದೊಡ್ಡವರ ಕಾಲಿನ ಅಳತೆಯದು. ಅವಳು ಕಾಲು ಕಿಸಿದು ನಿಂತರೆ ಕೂರಲಾಗುತ್ತಿರಲಿಲ್ಲ. ಹಿಂದೆ ಅವಳಮ್ಮ ಎರಡು ಕೈ ಹಿಡಿದು ಕೂರಿಸುತ್ತಿದ್ದಳು, ಈಗ ಆ ಕೈಯಲ್ಲಿ ಕೂಸು ಇತ್ತು. ಬಾಗಿಲ ಪಕ್ಕ ಬಚ್ಚಲ ಮೂಲೆಯಲ್ಲಿ ಎರಡು ಇಟ್ಟಿಗೆ ಹತ್ತಿರ ಹತ್ತಿರ ಜೋಡಿಸಿ, ನಡುವೆ ಹಳೆಯ ಬೇಸಿನ್ ಇಟ್ಟೆ. ಖರ್ಚು ಸೊನ್ನೆ. ಬಲ್ಬು ಹಾಕಿಸಲು ಮಾತ್ರ ಅರವತ್ತು ರೂಪಾಯಿ ಆಯಿತು.

ನಕ್ಷತ್ರ ಮುಂದುವರಿಯಿತು, ಊಟವಾದ ಮೇಲೆ ಕೂತಿದ್ದಕ್ಕೆ. ಟಾಫಿ ಬದಲು ಅವ್ವ ಒಂದು ಚೂರು ಬೆಲ್ಲ ಕೊಟ್ಟಳು, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕಾಗಕ್ಕ ಗುಬ್ಬಕ್ಕನ ಕಥೆ ಹೇಳಿದಳು. ನನ್ನ ಅಂದಾಜಿನಲ್ಲಿ ಕೆಲಸ ಮಾಡಿದ್ದು ಬೆಲ್ಲಕ್ಕಿಂತ ಆ ಕಥೆಯೇ. ಕೂಸು ಬಂದ ಮೇಲೆ ಅವಳಿಗಾಗಿಯೇ ಯಾರಾದರೂ ಐದು ನಿಮಿಷ ಕೂತದ್ದು ಅದೇ ಮೊದಲು. ಒದ್ದೆಯಾದರೆ ಯಾರೂ ಏನೂ ಅನ್ನದೆ ಬದಲಿಸಿ, ಬಕೆಟ್ಟಿಗೆ ಹಾಕುವುದು ಅಂತ ಮನೆಯಲ್ಲಿ ಮಾತಾಯಿತು. ಮೊದಲ ಹದಿನೈದು ದಿನ ಹೇಳಿಕೊಳ್ಳುವ ಬದಲಾವಣೆ ಇರಲಿಲ್ಲ. ಎರಡನೇ ತಿಂಗಳು ಒದ್ದೆ ವಾರಕ್ಕೊಂದಾಯಿತು. ಜ್ವರ ಬಂದಾಗ ಮತ್ತೆ ಜಾರಿತು, ಮತ್ತೆ ಸರಿಹೋಯಿತು. ಮೂರನೇ ತಿಂಗಳ ಪುಟದಲ್ಲಿ ಹತ್ತು ನಕ್ಷತ್ರ ಇವೆ, ಆಮೇಲೆ ಖಾಲಿ. ಹಾಕುವುದನ್ನು ನಾನೂ ಮರೆತೆ, ಕೇಳುವುದನ್ನು ಅವಳೂ ಮರೆತಳು.

ಹುಡುಕಾಟದ ನಡುವೆ 1977ರ ಇನ್ನೊಂದು ಬರಹ ಸಿಕ್ಕಿತ್ತು. ಆಫ್ರಿಕಾದ ಕೆನ್ಯಾದಲ್ಲಿ ಡಿಗೊ ಎಂಬ ಜನರ ನಡುವೆ ಇದ್ದ ಡಿವ್ರೀಸ್ ದಂಪತಿ ಬರೆದದ್ದು. ಅಲ್ಲಿನ ತಾಯಿ ನೆಲದ ಮೇಲೆ ಕಾಲು ನೀಡಿ ಕೂತು, ಕೆಲವೇ ವಾರದ ಕೂಸನ್ನು ಕಾಲ ನಡುವೆ ಕೂರಿಸಿಕೊಂಡು, ಶೂಸ್ ಎಂದು ಸದ್ದು ಮಾಡುತ್ತಾಳೆ. ಕೂಸು ಉಚ್ಚೆ ಹೊಯ್ದರೆ ಎದೆಗಪ್ಪಿ ಹಾಲು ಕೊಡುತ್ತಾಳೆ. ಐದಾರು ತಿಂಗಳಿಗೇ ಕೂಸು ಆ ಸದ್ದಿಗೆ ಸ್ಪಂದಿಸುತ್ತದೆ. ಬ್ರೆಜಲ್ಟನ್ ಹೇಳಿದ ಕಾಯುವಿಕೆಯೂ ಇಲ್ಲ, ವಾಟ್ಸನ್ನನ ಪಟ್ಟಿಯೂ ಇಲ್ಲ. ಬಹುಮಾನ ಮಾತ್ರ ಇದೆ, ಅದು ತಾಯಿಯ ಮೈಯ ಬಿಸಿ.

ಇದನ್ನು ಅವ್ವನಿಗೆ ಓದಿ ಹೇಳಿದೆ. "ಇದನ್ನ ಬರೆಯೋಕೆ ಅಷ್ಟು ದೂರ ಹೋಗಿದ್ರಾ?" ಎಂದಳು. ಆಗ ಅವಳು ಹಿತ್ತಲಲ್ಲಿ ಕಾಲು ನೀಡಿ ಕೂತು, ಪಾದಗಳೆರಡರ ಮೇಲೆ ಕೂಸನ್ನು ಕೂರಿಸಿಕೊಂಡಿದ್ದಳು. ಎದುರಿಗೆ ಮಗಳು ಮೊಣಕಾಲೂರಿ ಕೂತಿದ್ದಳು. ತಮ್ಮನ ಮುಖಕ್ಕೆ ಮುಖ ತಂದು ಶ್... ಶ್... ಎಂದಳು. ಸ್ವಲ್ಪ ಹೊತ್ತಾದ ಮೇಲೆ ಕೂಸಿನಿಂದ ಸಣ್ಣ ಧಾರೆ ಬಂತು, ಅವಳ ಲಂಗಕ್ಕೂ ಸಿಡಿಯಿತು.

ಚಪ್ಪಾಳೆ ತಟ್ಟಿ, ಒಳಗೆ ಬೆಲ್ಲದ ಡಬ್ಬಿ ತರಲು ಓಡಿದಳು. ಹಲ್ಲಿಲ್ಲದ ಕೂಸಿಗೆ ಬೆಲ್ಲ ಯಾಕೆ ಅಂತ ಅವ್ವ ಕೂಗುತ್ತಿದ್ದಳು.